ಸೀಟಿ ಊದದ ಶನಿವಾರಗಳು

ದಮ್ಮಾಮ್
ತಾ. 20-2-1987

ಹಸೀನಾಗೆ ದಾದಾಪೀರನ ಸಲಾಮು.

ನಿನ್ನ ಪತ್ರ ನಿನ್ನೆ ಬಂತು. ಲಕೋಟೆ ಒಡೆಯುವ ಮೊದಲೇ ಮನಸ್ಸು ಕೆಟ್ಟಿತು. ವಿಳಾಸ ಬರೆದ ಕೈ ಜುಬೇದಾಳದಲ್ಲ. ನನ್ನ ಮಗಳ ಅಕ್ಷರಗಳು ಬ್ಯಾಡಗಿ ಸಂತೆಯ ಮಂದಿಯಂತೆ ಒಂದರ ಮೈಮೇಲೊಂದು ಬಿದ್ದಿರುತ್ತವೆ. ಇವು ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳಂತೆ ಸಾಲಾಗಿವೆ. ಯಾರ ಕೈಲಿ ಬರೆಸಿದೆ?

ನಾನು ಊರು ಬಿಟ್ಟು ಈ ಅರಬ್ ದೇಶಕ್ಕೆ ಬಂದು ಹದಿನಾರು ತಿಂಗಳಾಯಿತು. ಅಂದಿನಿಂದ ನೀನು ಹೇಳುವುದು, ಅವಳು ಬರೆಯುವುದು, ಕೊನೆಗೆ ಕಾಗದದ ಮೂಲೆಯಲ್ಲಿ ನಿನಗೆ ಗೊತ್ತಾಗದಂತೆ ನನಗೊಂದು ಚಾಡಿ ಸೇರಿಸುವುದು ನಡೆದುಬಂದಿದೆ. 'ಅಬ್ಬಾ, ಅವ್ವ ಇವತ್ತು ಸಾರಿಗೆ ಉಪ್ಪು ಮರೆತಳು, ನಾನು ಸುಮ್ಮನೆ ಉಂಡೆ' ಎಂಬಂಥ ಒಂದು ಸಾಲಿಗಾಗಿ ಇಪ್ಪತ್ತು ದಿನ ಕಾಯುತ್ತೇನೆ. ನಿನಗೆ ಓದಲು ಬಾರದಿರುವುದು ನಮ್ಮಿಬ್ಬರಿಗೆ ಎಷ್ಟು ಅನುಕೂಲವಾಗಿತ್ತು ನೋಡು. ಈ ಸಲ ಮೂಲೆ ಖಾಲಿ ಇತ್ತು.

ನಮ್ಮ ಓಣಿಯ ಯೂಸುಫಸಾಬ ರಜೆಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಒಂದು ಟೇಪ್ ರೆಕಾರ್ಡರ್, ಒಂದು ಕ್ಯಾಸೆಟ್ ಕಳಿಸಿದ್ದೇನೆ. ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಜುಬೇದಾಳ ಜೊತೆ ಮಾತಾಡಿದ್ದೇನೆ. ಇನ್ನೊಂದು ಬದಿ ಅವಳು ತುಂಬಬೇಕು. ಪಾಠ ಓದಲಿ, ಹಾಡಲಿ, ನಿನ್ನ ಮೇಲೆ ಚಾಡಿ ಹೇಳಲಿ, ಏನಾದರೂ ಸರಿ. ಹೊಲಿಗೆ ಯಂತ್ರದ ಗದ್ದಲ ಬಿಟ್ಟರೆ ಇಲ್ಲಿ ನನಗೆ ಬೇರೆ ದನಿ ಇಲ್ಲ.

ಬಸ್ ನಿಲ್ದಾಣದಲ್ಲಿ ನಾನು ಹೇಳಿದ ಮಾತು ನೆನಪಿದೆಯಲ್ಲ? 'ನನ್ನ ಜೀವಾ ನಿನ್ನ ಕೈಯಾಗ ಕೊಟ್ಟು ಹೊಂಟೇನಿ ಹಸೀನಾ, ನೋಡಕೋ' ಎಂದಿದ್ದೆ. ನೋಡಿಕೊಳ್ಳುತ್ತಿದ್ದೀಯೆಂದು ನಂಬಿದ್ದೇನೆ.

ನಿನ್ನ
ದಾದಾಪೀರ


ಬ್ಯಾಡಗಿ
ತಾ. 15-3-1987

(ಈ ಪತ್ರವನ್ನು ಹಸೀನಾಬಿ ಹೇಳಿ ಬರೆಸಿದರು. ಬರೆದು ಮುಗಿದ ಮೇಲೆ ಅಂಚೆಗೆ ಹಾಕಬೇಡಿರೆಂದು ಕೈಮುಗಿದರು. ಹರಿಯಲು ನನಗೆ ಮನಸ್ಸಾಗಲಿಲ್ಲ. ನನ್ನ ಪೆಟ್ಟಿಗೆಯಲ್ಲಿಟ್ಟಿದ್ದೇನೆ. — ಪ್ರೇಮವ್ವ, ಶಿಕ್ಷಕಿ)

ಜುಬೇದಾಳ ಅಬ್ಬಾ ಅವರಿಗೆ ಹಸೀನಾಬಿಯ ಸಲಾಮು.

ಬರೆಯುತ್ತಿರುವವರು ಜುಬೇದಾಳ ಶಾಲೆಯ ಪ್ರೇಮವ್ವ ಅಕ್ಕೋರು. ಜುಬೇದಾ ನನ್ನ ಎದುರಿಗೇ ಕೂತಿದ್ದಾಳೆ. ನನಗೆ ಹೇಳಲು ಬರುತ್ತದೆ, ಅವಳಿಗೆ ಬರೆಯಲು ಬರುತ್ತದೆ. ಆದರೆ ನಾನು ಹೇಳಿದ್ದು ಅವಳಿಗೆ ಕೇಳುವುದಿಲ್ಲ. ನಿಮ್ಮ ಮಗಳ ಎರಡೂ ಕಿವಿ ಹೋಗಿವೆ.

ಜನವರಿಯಲ್ಲಿ ಜ್ವರ ಬಂತು. ಮೆಣಸಿನಕಾಯಿ ಸುಗ್ಗಿ ಜೋರಾಗಿತ್ತು, ನಾನು ಬೆಳಗಾದರೆ ತೊಟ್ಟು ಬಿಡಿಸಲು ಹೋಗುತ್ತಿದ್ದೆ. ಅಂಗಡಿಯ ಗುಳಿಗೆ ಕೊಟ್ಟೆ, ದರ್ಗಾದ ನೀರು ಕುಡಿಸಿದೆ, ಇವತ್ತು ಇಳಿಯುತ್ತದೆ ನಾಳೆ ಇಳಿಯುತ್ತದೆ ಎಂದು ಎಂಟು ದಿನ ಕಳೆದೆ. ಒಂಬತ್ತನೆಯ ದಿನ ಕಣ್ಣು ಮೇಲೆ ಮಾಡಿದಳು. ರಾಣೇಬೆನ್ನೂರಿಗೆ ಒಯ್ದರೆ ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಜ್ವರ ಮಿದುಳಿಗೆ ಏರಿತ್ತು. ಹದಿನೇಳು ದಿನದ ಮೇಲೆ ಡಾಕ್ಟರು ನನ್ನ ಮುಖ ನೋಡಿ, 'ಜೀವ ಉಳದೈತಿ, ಅದ ದೊಡ್ಡದು ಅನ್ರಿ. ಕಿವಿ ನರ ಸತ್ತಾವು, ಇನ್ನ ಬರಂಗಿಲ್ಲ' ಎಂದರು. ಜುಬೇದಾ ಪಕ್ಕದಲ್ಲೇ ಕೂತಿದ್ದಳು. ಅವಳ ಕಡೆ ಅವರು ನೋಡಲೂ ಇಲ್ಲ.

ಅವಳಿಗೆ ಇದು ಗೊತ್ತಿಲ್ಲ. ಜ್ವರದ ದೆಸೆಯಿಂದ ಕಿವಿ ಮುಚ್ಚಿವೆ, ತೆರೆಯುತ್ತವೆ ಎಂದುಕೊಂಡಿದ್ದಾಳೆ. ದಿನಾ ಪಾಟಿಯ ಮೇಲೆ ಏನೋ ಬರೆದು ನನ್ನ ಮುಂದೆ ಹಿಡಿಯುತ್ತಾಳೆ. ನಾನು ಏನು ಓದಲಿ? ಅಕ್ಕೋರು ಓದಿ ಹೇಳಿದರು: 'ನನ್ನ ಕಿವಿ ಯಾವಾಗ ತೆರೀತಾವ?' ಉತ್ತರ ನೀವೇ ಬರೆದುಬಿಡಿರಿ ಎಂದು ಅಕ್ಕೋರನ್ನು ಬೇಡಿಕೊಂಡೆ. 'ಬ್ಯಾರೆ ಏನ ಬೇಕಾದ್ರೂ ಬರೀತೇನಿ ಹಸೀನಾಬಿ. ಇದು ತಾಯಿ ಕಡಿಂದ ಬರಬೇಕು' ಎಂದರು. ಹೇಗೆ ಬರುತ್ತದೆ? ನನ್ನ ಬಾಯಿ ಅವಳಿಗೆ ಮುಟ್ಟುವುದಿಲ್ಲ, ಅವಳ ಅಕ್ಷರ ನನಗೆ ಮುಟ್ಟುವುದಿಲ್ಲ. ಒಂದೇ ಮನೆಯಲ್ಲಿದ್ದು ನಿಮಗಿಂತ ದೂರದಲ್ಲಿದ್ದೇನೆ.

ಮೊದಮೊದಲು ಗಟ್ಟಿಯಾಗಿ ಮಾತಾಡುತ್ತಿದ್ದಳು. ಓಣಿಯ ಹುಡುಗಿಯರು ನಕ್ಕರು. ಈಗ ಮಾತೂ ಬಿಟ್ಟಿದ್ದಾಳೆ. ನಿಮ್ಮ ಕ್ಯಾಸೆಟ್ ಹಾಕಿದೆ. ನಿಮ್ಮ ದನಿ ಮನೆ ತುಂಬಿತು. ಅವಳು ಒಳಗಿನ ಗಾಲಿ ತಿರುಗುವುದನ್ನು ನೋಡುತ್ತಾ ಕೂತಳು, ಆಮೇಲೆ ಅದರ ಮೇಲೆ ಅಂಗೈ ಇಟ್ಟಳು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡೆ.

ನಿಮ್ಮ ಜೀವವನ್ನು ನನ್ನ ಕೈಯಲ್ಲಿ ಕೊಟ್ಟು ಹೋಗಿದ್ದಿರಿ. ಎಂಟು ದಿನ ಆ ಕೈ ಮೆಣಸಿನಕಾಯಿಯಲ್ಲಿತ್ತು.

ಹಸೀನಾಬಿ


ಬ್ಯಾಡಗಿ
ತಾ. 15-3-1987

ಜುಬೇದಾಳ ಅಬ್ಬಾ ಅವರಿಗೆ ಹಸೀನಾಬಿಯ ಸಲಾಮು.

ಇಲ್ಲಿ ನಾವಿಬ್ಬರೂ ಆರಾಮ. ಜನವರಿಯಲ್ಲಿ ಜುಬೇದಾಳಿಗೆ ಸ್ವಲ್ಪ ಜ್ವರ ಬಂದಿತ್ತು, ಹೋಯಿತು. ಏಳನೆಯ ತರಗತಿಯ ಪರೀಕ್ಷೆ ಹತ್ತಿರ ಬಂದದ್ದರಿಂದ ಅವಳಿಗೆ ಪತ್ರ ಬರೆಯಲು ಬಿಡುವಿಲ್ಲ. ಅವಳ ಶಾಲೆಯ ಪ್ರೇಮವ್ವ ಅಕ್ಕೋರು ಬರೆದುಕೊಡುತ್ತಾರೆ. ಟೇಪ್ ರೆಕಾರ್ಡರಿನ ಒಂದು ಗುಂಡಿ ಕೂಡುವುದಿಲ್ಲ, ಆದ್ದರಿಂದ ಅವಳ ದನಿ ತುಂಬಲಾಗಲಿಲ್ಲ.

ಜುಬೇದಾ ಸ್ಕೌಟ್ಸ್ ಗೈಡ್ಸ್ ಸೇರಿದ್ದಾಳೆ. ಅಕ್ಕೋರೇ ಅದರ ಕ್ಯಾಪ್ಟನ್. ಪ್ರತಿ ಶನಿವಾರ ಶಾಲೆಯ ಮೈದಾನದಲ್ಲಿ ನಡೆಯುತ್ತದೆ. ಗಂಟು ಹಾಕುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಬಾವುಟದಿಂದ ಸಂಜ್ಞೆ ಮಾಡುವುದು ಕಲಿಸುತ್ತಾರೆ. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಲೇಬೇಕಂತೆ. ಹೆಣ್ಣುಮಕ್ಕಳಿಗೆ ಧೈರ್ಯ ಬರುತ್ತದೆ. ನೀವು ಬೇಡ ಅನ್ನಬಾರದು.

ಹಸೀನಾಬಿ


ದಮ್ಮಾಮ್
ತಾ. 12-4-1987

ಹಸೀನಾಗೆ ದಾದಾಪೀರನ ಸಲಾಮು.

ಗಂಟು ಹಾಕುವುದನ್ನು ಕಲಿಯಲು ಶಾಲೆ ಬೇಕೇ? ದರ್ಜಿಯ ಮಗಳು, ಹೊಟ್ಟೆಯಲ್ಲೇ ಕಲಿತು ಬಂದಿರುತ್ತಾಳೆ. ಬಿಚ್ಚುವುದನ್ನು ಕಲಿಸುವವರಿದ್ದರೆ ಹೇಳು, ನಾನೂ ಬಂದು ಸೇರುತ್ತೇನೆ. ಸೇರಿದ್ದು ಸೇರಿದಳು, ಪರೀಕ್ಷೆ ಮುಗಿಯುವವರೆಗೆ ಇರಲಿ.

ಯೂಸುಫಸಾಬ ಬರಿಗೈಯಲ್ಲಿ ತಿರುಗಿ ಬಂದ. ಜುಬೇದಾ ಹೇಗಿದ್ದಾಳೆಂದು ಕೇಳಿದೆ. 'ಆರಾಮ ಅದಾಳ' ಎಂದವನೇ ಚಹಾ ಕುಡಿಯುವ ನೆಪ ಮಾಡಿ ಎದ್ದು ಹೋದ. ಅವನ ಎದುರಿಗೆ ಅರ್ಧ ಕಪ್ ಚಹಾ ಹಾಗೇ ಇತ್ತು. ಪರೀಕ್ಷೆ ಮುಗಿದಿರಬೇಕು. ಒಂದು ಸಾಲಾದರೂ ಅವಳ ಕೈಯಿಂದ ಬರಲಿ.

ದಾದಾಪೀರ


ಬ್ಯಾಡಗಿ
ತಾ. 2-5-1987

ಜುಬೇದಾಳ ಅಬ್ಬಾ ಅವರಿಗೆ ಹಸೀನಾಬಿಯ ಸಲಾಮು.

ಜುಬೇದಾ ಪಾಸಾದಳು. ಪತ್ರ ಬರೆಯಲು ಅವಳಿಗೇಕೋ ನಾಚಿಕೆ, ಮುಂದಿನ ಸಲ ಬರೆಯುತ್ತಾಳೆ.

ಒಂದು ಕೇಳಬೇಕಿತ್ತು. ರಾಣೇಬೆನ್ನೂರಿನಲ್ಲಿ ಮೂರು ದಿನದ ಗೈಡ್ಸ್ ಶಿಬಿರವಿದೆ. ಅಕ್ಕೋರು ಜೊತೆಗಿರುತ್ತಾರೆ. ಮಕ್ಕಳೇ ಒಲೆ ಹೂಡಿ ಅಡುಗೆ ಮಾಡುತ್ತಾರಂತೆ. ನಿಮ್ಮ ಮಗಳಿಗೆ ಬಾವುಟದ ಸಂಜ್ಞೆ ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ. ಎರಡು ಕೈ ಬೇರೆ ಬೇರೆ ಕಡೆ ಹಿಡಿದರೆ ಒಂದೊಂದು ಇಂಗ್ಲಿಷ್ ಅಕ್ಷರವಾಗುತ್ತದೆ, ಅದರಲ್ಲಿ ನಮ್ಮ ಮಾತನ್ನೇ ಹೇಳಬಹುದು. ನನಗೂ ಒಂದು ಕಲಿಸಿದ್ದಾಳೆ. ಬಲಗೈ ಓರೆಯಾಗಿ ಕೆಳಗೆ, ಆಮೇಲೆ ಎರಡು ಸಲ ನೇರ ಪಕ್ಕಕ್ಕೆ, ಮತ್ತೆ ಓರೆಯಾಗಿ ಕೆಳಗೆ. ಅಷ್ಟಾದರೆ 'ಅಬ್ಬಾ' ಅಂತ. ಒಂದೇ ಕೈ ಸಾಕು.

ದಯವಿಟ್ಟು ಹೂಂ ಅನ್ನಿರಿ. ಅವಳಿಗೆ ಬೇರೆ ಏನೂ ಇಲ್ಲ.

ಹಸೀನಾಬಿ


ದಮ್ಮಾಮ್
ತಾ. 20-5-1987

ಹಸೀನಾ,

ರಂಜಾನಿನ ರೋಜಾ ಹಿಡಿದ ಬಾಯಿ, ಕೆಟ್ಟ ಮಾತು ಆಡಬಾರದು. ಆದರೂ ಬರೆಯಲೇಬೇಕಾಗಿದೆ. ಹಾವೇರಿಯಿಂದ ಫಕ್ಕೀರಸಾಬ ಅಣ್ಣನ ಪತ್ರ ಬಂದಿದೆ. ಕಳೆದ ತಿಂಗಳು ಮನೆಗೆ ಬಂದಿದ್ದನಂತೆ. ಇದನ್ನು ನೀನು ನನಗೆ ತಿಳಿಸಲೂ ಇಲ್ಲ. ಬೆನ್ನ ಹಿಂದೆ ನಿಂತು ಮೂರು ಸಲ ಹೆಸರು ಹಿಡಿದು ಕರೆದರೂ ಜುಬೇದಾ ತಿರುಗಲಿಲ್ಲವಂತೆ. ಮುಂದೆ ಬಂದು ನಿಂತಾಗ ಸಲಾಮು ಹೇಳದೆ ಎಡಗೈ ಚಾಚಿದಳಂತೆ. ಎಡಗೈ! ತಂದೆಗೆ ಸಮಾನನಾದವನಿಗೆ. ಅಣ್ಣ ಚಹಾ ಕುಡಿಯದೆ ಎದ್ದು ಹೋಗಿದ್ದಾನೆ. ಮಾಳಿಗೆಯ ಮೇಲೆ ನಿಂತು ಪೊಲೀಸರಂತೆ ಕೈ ಬೀಸುತ್ತಾಳೆಂದು ಓಣಿಯವರು ನಗುತ್ತಾರಂತೆ.

ಈ ಗೈಡ್ಸಿನಿಂದ ಅವಳು ಕಲಿತದ್ದು ಇದೇ. ಹಿರಿಯರಿಗೆ ಉತ್ತರ ಕೊಡುವುದಿಲ್ಲ, ತಂದೆಗೆ ಒಂದು ಸಾಲು ಬರೆಯುವುದಿಲ್ಲ, ಕ್ಯಾಸೆಟ್ಟಿಗೆ ಒಂದು ಮಾತಿಲ್ಲ. ಏನು ಉಪಯೋಗ ಇದರಿಂದ, ನೀನೇ ಹೇಳು. ಶಿಬಿರ ಬೇಡ. ಶನಿವಾರವೂ ಬೇಡ. ಜೂನ್ 12ರ ಶುಕ್ರವಾರ ಅಣ್ಣ ಬಂದು ಅವಳನ್ನು ಹಾವೇರಿಗೆ ಕರೆದೊಯ್ಯುತ್ತಾನೆ. ಅಲ್ಲಿ ಮನೆಕೆಲಸ, ಹೊಲಿಗೆ ಕಲಿಯಲಿ. ನನ್ನ ಮಾತಿಗೆ ಇನ್ನೂ ಬೆಲೆ ಇದ್ದರೆ ಅವಳ ಸಾಮಾನು ಕಟ್ಟಿಡು.

ದಾದಾಪೀರ


ಬ್ಯಾಡಗಿ
ತಾ. 13-6-1987

ಜುಬೇದಾಳ ಅಬ್ಬಾ ಅವರಿಗೆ ಹಸೀನಾಬಿಯ ಸಲಾಮು.

ಇದರ ಜೊತೆಗೆ ಇನ್ನೊಂದು ಪತ್ರವಿದೆ. ಮಾರ್ಚ್ ತಿಂಗಳಲ್ಲಿ ಬರೆಸಿದ್ದು, ಹಾಕಲು ಧೈರ್ಯವಾಗಿರಲಿಲ್ಲ. ಮೊದಲು ಅದನ್ನು ಓದಿರಿ. ಓದಿದ ಮೇಲೆ ಇದನ್ನು ಓದುವ ಮನಸ್ಸು ಉಳಿದಿದ್ದರೆ ಓದಿರಿ.

ನಿಮ್ಮ ಪತ್ರ ಬಂದಾಗ ಭಾವನವರು ಬರಲು ನಾಲ್ಕು ದಿನವಿತ್ತು. ನನ್ನ ಉತ್ತರ ನಿಮ್ಮನ್ನು ಮುಟ್ಟಲು ಇಪ್ಪತ್ತು ದಿನ ಬೇಕು. ನಿನ್ನೆ ನಮಾಜು ಮುಗಿಸಿ ಬಂದರು. ಜುಬೇದಾ ಅಂಗಳದಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತು, ಬಿಸಿ ಚೊಂಬಿನಿಂದ ಗೈಡ್ಸಿನ ಸ್ಕಾರ್ಫಿಗೆ ಇಸ್ತ್ರಿ ತಿಕ್ಕುತ್ತಿದ್ದಳು. 'ಸಾಮಾನು ಎಲ್ಲಿ?' ಎಂದರು. ಬಾಯಿಂದ ಹೇಳುವ ಬದಲು ತೋರಿಸಿಬಿಡುತ್ತೇನೆ ಎಂದುಕೊಂಡೆ. ಒಳಗಿಂದ ಹಿತ್ತಾಳೆ ಪರಾತ ತಂದು ಅವಳ ಬೆನ್ನ ಹಿಂದೆ ನಿಂತು ಸೌಟಿನಿಂದ ಬಡಿದೆ. ಪಕ್ಕದ ಮನೆಯವರು ಹೊರಗೆ ಬಂದರು, ಕೋಳಿಗಳು ಗೋಡೆ ಹಾರಿದವು. ಅವಳು ತಿಕ್ಕುತ್ತಲೇ ಇದ್ದಳು. ನಾನು ಬಡಿಯುತ್ತಲೇ ಇದ್ದೆ. ಭಾವನವರು ಬಂದು ನನ್ನ ಕೈ ಹಿಡಿದು ನಿಲ್ಲಿಸಿದರು.

'ಯಾವಾಗಿಂದ?' ಎಂದು ಕೇಳಿದರು.

'ಜನವರಿಯಿಂದರಿ.'

'ದಾದಾಗ ಗೊತ್ತೈತೇನು?'

'ಇಲ್ಲರಿ' ಎಂದೆ. ಅವರು ಕಟ್ಟೆಯ ಮೇಲೆ ಕೂತರು. ಈ ಸಲ ಚಹಾ ಕುಡಿದರು. ಎಡಗೈ ಚಾಚುವುದು ಗೈಡ್ಸಿನ ಮಕ್ಕಳು ಮರ್ಯಾದೆ ಕೊಡುವ ರೀತಿ, ಆ ಕೈ ಎದೆಗೆ ಹತ್ತಿರವಂತೆ ಎಂದು ಹೇಳಿದೆ. ಹೋಗುವಾಗ ಜುಬೇದಾಳ ಮುಂದೆ ನಿಂತು ತಮ್ಮ ಎಡಗೈ ಮುಂದೆ ಮಾಡಿದರು. ಹಾವೇರಿಗೆ ಒಬ್ಬರೇ ಹೋದರು.

ಗೈಡ್ಸಿನಿಂದ ಏನು ಉಪಯೋಗ ಎಂದು ಕೇಳಿದ್ದಿರಿ. ಕಿವಿ ಕೇಳದವಳಿಗೆ ಪಾಠ ಹೇಗೆ ಹತ್ತುತ್ತದೆ, ಮನೆಯಲ್ಲಿರಲಿ ಎಂದು ಶಾಲೆಯವರು ಕಳಿಸಿಬಿಟ್ಟಿದ್ದರು. ಅವಳು ಗೋಡೆ ನೋಡುತ್ತಾ ಕೂರುತ್ತಿದ್ದಳು. ಅಕ್ಕೋರು ಮನೆಗೆ ಬಂದು ಕೈಹಿಡಿದು ಮೈದಾನಕ್ಕೆ ಕರೆದುಕೊಂಡು ಹೋದರು. ಮೊದಲ ಶನಿವಾರ ಸೀಟಿ ಊದಿದಾಗ ಎಲ್ಲರೂ ಓಡಿಬಂದು ಸಾಲು ಕಟ್ಟಿದರು, ಇವಳೊಬ್ಬಳು ಅಲ್ಲೇ ನಿಂತಿದ್ದಳು. ಮಕ್ಕಳು ನಕ್ಕರು. ಮುಂದಿನ ಶನಿವಾರ ಅಕ್ಕೋರು ಸೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು. ಅಂದಿನಿಂದ ಇಪ್ಪತ್ತನಾಲ್ಕು ಹುಡುಗಿಯರೂ ಅಕ್ಕೋರ ಕೈ ನೋಡಿಯೇ ಸಾಲು ಕಟ್ಟುತ್ತಾರೆ, ಕೈ ನೋಡಿಯೇ ಚದುರುತ್ತಾರೆ. ಆ ಒಂದು ತಾಸು ನಿಮ್ಮ ಮಗಳಿಗೂ ಉಳಿದವರಿಗೂ ವ್ಯತ್ಯಾಸ ಕಾಣುವುದಿಲ್ಲ. ನಾನು ಕಂಪೌಂಡಿನ ಹೊರಗೆ ನಿಂತು ನೋಡಿದ್ದೇನೆ. ಪರೀಕ್ಷೆಗೂ ಅಕ್ಕೋರೇ ಹೆಡ್ ಮಾಸ್ತರರ ಹತ್ತಿರ ಜಗಳಾಡಿ ಕೂರಿಸಿದರು. ಇದು ಉಪಯೋಗ.

ನನಗೆ ಏನು ಶಿಕ್ಷೆ ಕೊಡಬೇಕೆಂದಿದ್ದೀರೋ ಕೊಡಿರಿ. ತಲಾಖ್ ಎಂದರೂ ಎದುರು ಮಾತಾಡುವುದಿಲ್ಲ. ಅವಳನ್ನು ಮಾತ್ರ ಆ ಮೈದಾನದಿಂದ ಬಿಡಿಸಬೇಡಿರಿ.

ಹಸೀನಾಬಿ


ಬ್ಯಾಡಗಿ
ತಾ. 25-8-1987

ಜುಬೇದಾಳ ಅಬ್ಬಾ ಅವರಿಗೆ,

ಬಕ್ರೀದ್ ಆಯಿತು. ನಿಮ್ಮ ಪತ್ರವಿಲ್ಲ. ಪೋಸ್ಟ್‌ಮನ್ ಈಗ ನಮ್ಮ ಬಾಗಿಲು ಬಂದ ಕೂಡಲೇ ಮುಖ ಆ ಕಡೆ ತಿರುಗಿಸಿಕೊಂಡು ಸೈಕಲ್ ತುಳಿಯುತ್ತಾನೆ. ಪಾಪ, ಅವನ ತಪ್ಪೇನು?

ಬೈಯಿರಿ. ಬೈದಾದರೂ ಎರಡು ಸಾಲು ಬರೆಯಿರಿ.

ಜುಬೇದಾ ಇನ್ನೂ ದಿನಾ ಪಾಟಿಯ ಮೇಲೆ ಅದೇ ಪ್ರಶ್ನೆ ಬರೆಯುತ್ತಾಳೆ. ಅದರ ಆಕಾರ ಈಗ ನನಗೆ ಗುರುತು ಸಿಗುತ್ತದೆ. ನಾನು ಕೆಲಸದಿಂದ ಬಂದ ಮೇಲೆ ಗೋಡೆಗೆ ನಿಲ್ಲಿಸಿ ಕೈ ಕಲಿಸುತ್ತಾಳೆ. ಹದಿನಾಲ್ಕು ಅಕ್ಷರ ಬಂದಿವೆ. ಅವು ಇಂಗ್ಲಿಷೋ ಕನ್ನಡವೋ ನನಗೆ ತಿಳಿಯದು. ಈ ದನಿಗೆ ಈ ಕೈ ಅಂತ ನೆನಪಿಟ್ಟುಕೊಂಡಿದ್ದೇನೆ. ಒಂದು ಕಲಿತರೆ ಹಿಂದಿನದು ಮರೆಯುತ್ತದೆ. ಮೆಣಸಿನ ಖಾರದ ಕೈ, ಮುಖದ ಹತ್ತಿರ ಬಂದರೆ ಕಣ್ಣು ಉರಿಯುತ್ತದೆ. ಅಳುತ್ತಿದ್ದೇನೆಂದು ಅವಳು ತಿಳಿಯುತ್ತಾಳೆ. ಅದೂ ಸುಳ್ಳಲ್ಲ.

ಹಸೀನಾಬಿ


ದಮ್ಮಾಮ್
ತಾ. 9-10-1987

ಹಸೀನಾಗೆ ದಾದಾಪೀರನ ಸಲಾಮು.

ಹನ್ನೊಂದು ಪತ್ರ ಬರೆದು ಹರಿದಿದ್ದೇನೆ. ಇದು ಹನ್ನೆರಡನೆಯದು.

ನನಗೆ ಗೊತ್ತಿತ್ತು ಹಸೀನಾ. ಬೆನ್ನ ಹಿಂದೆ ಮೂರು ಸಲ ಕರೆದರೂ ತಿರುಗಲಿಲ್ಲ ಎಂದು ಅಣ್ಣ ಬರೆದ ಸಾಲನ್ನು ಅಂದೇ ನಾಲ್ಕು ಸಲ ಓದಿದ್ದೆ. ಖಾಲಿ ಮೂಲೆ, ಬೇರೆ ಕೈಯ ಅಕ್ಷರ, ಯೂಸುಫಸಾಬ ಬಿಟ್ಟು ಎದ್ದ ಚಹಾ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಆದರೆ ಮಗಳು ಕೆಟ್ಟಿದ್ದಾಳೆ ಎಂದು ಸಿಟ್ಟು ಮಾಡುವುದು ಸುಲಭವಾಗಿತ್ತು, ಸಿಟ್ಟು ಮಾಡಿದೆ. ಕೆಟ್ಟವಳನ್ನು ತಿದ್ದಬಹುದು. ಕಿವಿಯನ್ನು ಏನು ಮಾಡಲಿ?

ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಎಂಟು ದಿನ ಎಂಬುದನ್ನು ಬೆರಳು ಮಡಚಿ ಇನ್ನೂ ಎಣಿಸುತ್ತೇನೆ. ಆದರೆ ಆ ಎಂಟು ದಿನ ನಾನು ಎಲ್ಲಿದ್ದೆ? ತಲಾಖ್ ಎಂಬ ಮಾತನ್ನು ನನಗೆ ಇನ್ನೊಮ್ಮೆ ಬರೆಸಬೇಡ.

ಒಂದು ದಿನ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಅಂಗಡಿಯಲ್ಲಿ ಕೂತೆ. ಮಾಲೀಕ ಕರೆದದ್ದು ಗೊತ್ತಾಗಲಿಲ್ಲ, ಬಂದು ಭುಜ ಹಿಡಿದು ಅಲುಗಾಡಿಸಿ ಬೈದ. ಬೈಗುಳವೂ ಕೇಳಲಿಲ್ಲ, ಬಾಯಿ ಮಾತ್ರ ಕಂಡಿತು. ಮಧ್ಯಾಹ್ನದವರೆಗೂ ತಡೆಯಲಾಗದೆ ಕಿತ್ತು ಎಸೆದೆ. ನನಗೆ ಕಿತ್ತೆಸೆಯಲು ಹತ್ತಿ ಇತ್ತು.

ರಜೆ ಸಿಕ್ಕಿದೆ. ನವೆಂಬರ್ 27ಕ್ಕೆ ಹುಬ್ಬಳ್ಳಿ ಬಸ್ಸಿಗೆ ಬರುತ್ತೇನೆ. ಒಂದು ಬೇಡಿಕೆ. ಅವಳಿಗೆ ಇನ್ನೂ ನಿಜ ಹೇಳಿಲ್ಲ ಎಂದು ತಿಳಿದೆ. ನಾನು ಬರುವ ಮೊದಲು ಹೇಳಿಬಿಡು. ನನ್ನ ಮುಂದೆ ಅವಳು ಆ ಪಾಟಿ ಹಿಡಿದರೆ ಉತ್ತರ ಬರೆಯುವ ಶಕ್ತಿ ನನಗಿಲ್ಲ. ಹೇಡಿ ಎನ್ನು, ಅಡ್ಡಿಯಿಲ್ಲ.

ದಾದಾಪೀರ


ಬ್ಯಾಡಗಿ
ತಾ. 4-11-1987

ಪ್ರೀತಿಯ ಅಬ್ಬಾಗೆ ನಿಮ್ಮ ಜುಬೇದಾ ಮಾಡುವ ಸಲಾಮುಗಳು.

ಈ ಪತ್ರ ಅವ್ವ ಹೇಳಿದ್ದು, ನಾನು ಬರೆದದ್ದು. ಅಕ್ಕೋರು ಇಲ್ಲ, ನಾವಿಬ್ಬರೇ ಇದ್ದೇವೆ. ಅವ್ವ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾಳೆ. ಒಂದೊಂದೇ ಅಕ್ಷರ ತೋರಿಸುತ್ತಾಳೆ. ಮೊದಲು ಒಂದು ತಾಸು ಹೇಳುತ್ತಿದ್ದವಳು ಈಗ ತಂತಿ ಕಳಿಸುವವರ ಹಾಗೆ ಹೇಳುತ್ತಾಳೆ. ಅವಳು ಹೇಳಿದ್ದು ಇಷ್ಟು:

ಪತ್ರ ಬಂತು. ಅತ್ತೇನಿ. ಲಗೂ ಬರ್ರಿ.

ಇಷ್ಟು ಬರೆದುಕೊಂಡು ನಾನು ಪೆನ್ನು ಕೆಳಗಿಟ್ಟೆ. ಅವ್ವ ಕೈ ಇಳಿಸಲಿಲ್ಲ. ಮತ್ತೆ ಶುರು ಮಾಡಿದಳು. ಇದೂ ನಿಮಗೇ ಇರಬೇಕೆಂದು ಬರೆಯುತ್ತಾ ಹೋದೆ.

ಜುಬೇದಾ. ನಿನ್ನ. ಕಿವಿ. ತಿರುಗಿ. ಬರಂಗಿಲ್ಲ.

ಕೊನೆಯ ಮಾತಿನಲ್ಲಿ ಒಂದು ಅಕ್ಷರ ತಪ್ಪಾಯಿತು. ನಾನು ಅಲ್ಲವೆಂದು ತಲೆಯಾಡಿಸಿದೆ. ಅವಳು ಮತ್ತೆ ಸರಿಯಾಗಿ ತೋರಿಸಿದಳು. ಆಮೇಲೆ ಗೋಡೆಯ ಬುಡದಲ್ಲಿ ಕೂತಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಒಲೆಯ ಮೇಲಿನ ಅನ್ನ ಸೀದ ವಾಸನೆ ಬಂದ ಮೇಲೆ ಎದ್ದೆವು.

ಅಬ್ಬಾ, 27ರಂದು ಬಸ್ಸಿನಿಂದ ಇಳಿದ ಕೂಡಲೇ ನನ್ನನ್ನು ಕೂಗಬೇಡಿರಿ. ನಾನು ತಿರುಗದಿದ್ದರೆ ನಿಮಗೆ ಕೆಟ್ಟದೆನಿಸುತ್ತದೆ. ಬಸ್ಸಿನ ಬಾಗಿಲಲ್ಲೇ ನಿಂತು ಬಲಗೈ ಓರೆಯಾಗಿ ಕೆಳಗೆ, ಎರಡು ಸಲ ಪಕ್ಕಕ್ಕೆ, ಮತ್ತೆ ಓರೆ. ಎಷ್ಟು ಮಂದಿಯಿದ್ದರೂ ನನಗೆ ಕಾಣುತ್ತದೆ.

ನಿಮ್ಮ ಮಗಳು
ಜುಬೇದಾ

(ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ)

ಅಬ್ಬಾ, ಇದನ್ನು ಅವ್ವನಿಗೆ ಹೇಳಬೇಡಿರಿ. ನನಗೆ ಹುಬ್ಬಳ್ಳಿಯಲ್ಲೇ ಗೊತ್ತಾಗಿತ್ತು. ಡಾಕ್ಟರು ನನ್ನನ್ನು ನೋಡದೆ ಅವಳನ್ನೇ ನೋಡಿ ಮಾತಾಡಿದರು, ಅವಳ ಮುಖ ಬೂದಿಯಾಯಿತು. ಆದರೂ ದಿನಾ ಪಾಟಿ ಹಿಡಿದೆ. ಕೇಳುತ್ತಲೇ ಇದ್ದರೆ ಉತ್ತರ ಹೇಳುವುದಕ್ಕಾದರೂ ಅವ್ವ ಕೈ ಕಲಿಯುತ್ತಾಳೆ ಅಂದುಕೊಂಡೆ. ಕಲಿತಳು.